ದಿಯತ್‌ನಿಂದ ವಾಹನ ವಿಮೆಯವರೆಗೆ: ಗುದ್ದಿದವನ ಕೈ ಬರಿದಾದರೆ ಕೊಡುವವರು ಯಾರು?



ಕೆಲವು ವರ್ಷಗಳ ಹಿಂದೆ ನಮ್ಮ ಮೇಡ್ಲೇರಿ ಭಾಗದಲ್ಲಿ ಒಬ್ಬ ಯುವಕನ ಜನಾಝ ನಮಾಝ್ ಮಾಡಿಸಿದೆ. ಕೂಲಿ ಮುಗಿಸಿ ನಡೆದು ಬರುವಾಗ ಬೈಕ್ ಗುದ್ದಿತ್ತು. ಗುದ್ದಿದವನೂ ಬಡವ, ಅವನ ಬೈಕಿನ ವಿಮೆ ಮುಗಿದು ಬಹಳ ದಿನವಾಗಿತ್ತು. "ತಕ್ದೀರ್‌ನಲ್ಲಿ ಇದ್ದದ್ದು ಆಯ್ತು, ಇನ್ನು ಸ್ಟೇಷನ್ ಮೆಟ್ಟಿಲು ಯಾಕೆ ಹತ್ತಬೇಕು?" ಎಂದರು ಹಿರಿಯರು. ನಾನೂ ತಲೆಯಾಡಿಸಿದೆ. ದೂರು ದಾಖಲಾಗಲಿಲ್ಲ. ಇಂದು ಆತನ ಹೆಂಡತಿ ಎರಡು ಮಕ್ಕಳನ್ನು ಕಟ್ಟಿಕೊಂಡು ಹೊಲದ ಕೂಲಿಗೆ ಹೋಗುತ್ತಾಳೆ. ಆಕೆಯನ್ನು ಕಂಡಾಗಲೆಲ್ಲ ನನ್ನ ತಲೆ ತಗ್ಗುತ್ತದೆ. ಸಬರ್ ಮಾಡಿ ಎಂದದ್ದು ಸರಿ. ಆದರೆ ಅದು ದೀನ್‌ನ ಅರ್ಧ ಮಾತು. ಉಳಿದರ್ಧ ಮಾತನ್ನು ಈ ತಿಂಗಳ ಖುತ್ಬಾದಲ್ಲಿ ಹೇಳಿದೆ. ಅದರ ಸಾರ ಇಲ್ಲಿದೆ.

ಸೂರಃ ಅನ್ನಿಸಾದ 92ನೆಯ ಆಯತ್ ಪ್ರಮಾದದಿಂದಾದ ಕೊಲೆಯ ಬಗ್ಗೆ ಹೇಳುತ್ತದೆ. ಅಲ್ಲಿ ಎರಡು ಹೊಣೆಗಳಿವೆ. ಒಂದು, ಅಲ್ಲಾಹನಿಗೆ ಸಲ್ಲಬೇಕಾದ ಪ್ರಾಯಶ್ಚಿತ್ತ. ಇನ್ನೊಂದು, ಮೃತನ ಮನೆಯವರಿಗೆ ಒಪ್ಪಿಸಬೇಕಾದ ದಿಯತ್, ಅಂದರೆ ಪರಿಹಾರಧನ. ಅದನ್ನು ಬಿಟ್ಟುಕೊಡುವ ಹಕ್ಕು ವಾರಸುದಾರರಿಗೆ ಮಾತ್ರ ಇದೆ. ಇಮಾಮರಿಗಿಲ್ಲ, ಜಮಾತಿನ ಹಿರಿಯರಿಗೂ ಇಲ್ಲ. ಅಂದು ನಾನು ಮರೆತದ್ದು ಇದನ್ನೇ.

ಪೂರ್ಣ ದಿಯತ್ ಎಂದರೆ 100 ಒಂಟೆ. ಒಬ್ಬ ಸಾಮಾನ್ಯ ಮನುಷ್ಯ ಅಷ್ಟನ್ನು ಎಲ್ಲಿಂದ ತಂದಾನು? ಅದಕ್ಕೇ 'ಆಖಿಲಾ' ಎಂಬ ವ್ಯವಸ್ಥೆ ಇತ್ತು. ಅರಿಯದೆ ತಪ್ಪು ಮಾಡಿದವನ ತಂದೆಯ ಕಡೆಯ ಬಂಧುಗಳು ಆ ಭಾರವನ್ನು ಹಂಚಿಕೊಳ್ಳುತ್ತಿದ್ದರು. ಹಿಜ್ರತ್ ನಂತರ ಬರೆಯಿಸಿದ ಮದೀನಾ ಒಪ್ಪಂದದಲ್ಲಿ ಪ್ರತಿಯೊಂದು ಕುಲವೂ ತನ್ನವರ ದಿಯತ್ ಹೊರಬೇಕೆಂದು ಕುಲಗಳ ಹೆಸರು ಹಿಡಿದೇ ಹೇಳಲಾಗಿದೆ. ಹಝ್ರತ್ ಉಮರ್(ರ) ಅವರ ಕಾಲದಲ್ಲಿ ಸೈನಿಕರ ಹೆಸರುಗಳ ದಫ್ತರ, 'ದೀವಾನ್', ಸಿದ್ಧವಾಯಿತು. ಹನಫಿ ಫಿಕ್ಹ್‌ನ ಪ್ರಕಾರ ಒಂದೇ ದೀವಾನಿನಲ್ಲಿ ಹೆಸರಿದ್ದವರು ಒಬ್ಬರಿಗೊಬ್ಬರು ಆಖಿಲಾ ಆದರು. ಕುಲದ ನೆರವು ಹೀಗೆ ದಫ್ತರಿನ ನೆರವಾಗಿ ಬೆಳೆಯಿತು. ಕೊಡಲು ಮೂರು ವರ್ಷಗಳ ಕಂತೂ ಇತ್ತು.

ಕೊಂದವನು ಯಾರೆಂದೇ ತಿಳಿಯದಿದ್ದರೆ? ಖೈಬರ್‌ನಲ್ಲಿ ಅಬ್ದುಲ್ಲಾ ಬಿನ್ ಸಹ್ಲ್(ರ) ಕೊಲೆಯಾಗಿ ಬಿದ್ದಿದ್ದರು. ಯಾರ ಮೇಲೂ ಆರೋಪ ರುಜುವಾತಾಗಲಿಲ್ಲ. ಆಗ ಪ್ರವಾದಿ(ಸ) ತಮ್ಮ ಕಡೆಯಿಂದಲೇ 100 ಒಂಟೆಗಳನ್ನು ವಾರಸುದಾರರಿಗೆ ಕೊಡಿಸಿದರು. ಅಪರಾಧಿ ಸಿಗಲಿಲ್ಲವೆಂದು ಮೃತನ ಮನೆಯವರು ಬರಿಗೈಯಲ್ಲಿ ಹೋಗಲಿಲ್ಲ.

ಈಗ ಮೋಟಾರಿನ ಕಾಲಕ್ಕೆ ಬರೋಣ. ಬ್ರಿಟನ್ 1930ರಲ್ಲಿ ಥರ್ಡ್ ಪಾರ್ಟಿ ವಿಮೆಯನ್ನು ಕಡ್ಡಾಯ ಮಾಡಿತು. ಆದರೂ ವಿಮೆಯಿಲ್ಲದೆ ಓಡಿಸುವವರು ಇದ್ದೇ ಇದ್ದರು. ಹಾಗಾಗಿ 1946ರಲ್ಲಿ ವಿಮಾ ಕಂಪನಿಗಳೇ ಸೇರಿ, ಅಂಥವರಿಂದ ನೊಂದವರಿಗೆ ಹಣ ಕೊಡುವ ಸಂಸ್ಥೆಯೊಂದನ್ನು ಕಟ್ಟಿದವು. ಅಮೆರಿಕದಲ್ಲಿ, ವಿಮೆಯಿಲ್ಲದವನು ಗುದ್ದಿದರೆ ನಮ್ಮದೇ ಪಾಲಿಸಿ ನಮಗೆ ಹಣ ಕೊಡುವ ಹೆಚ್ಚುವರಿ ರಕ್ಷಣೆ 1950ರ ದಶಕದಲ್ಲಿ ಬೆಳೆಯಿತು. ನಮ್ಮ ದೇಶದಲ್ಲಿ 1939ರ ಮೋಟಾರು ವಾಹನ ಕಾಯ್ದೆಯ ವಿಮೆಯ ಅಧ್ಯಾಯ 1946ರ ಜುಲೈ 1ರಂದು ಜಾರಿಗೆ ಬಂತು. ಆಗ ರಾಣೇಬೆನ್ನೂರು ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. ಈಗಿರುವುದು 1988ರ ಕಾಯ್ದೆ. ಅದರ 146ನೆಯ ಕಲಂ ಪ್ರಕಾರ ವಿಮೆಯಿಲ್ಲದೆ ರಸ್ತೆಗಿಳಿಯುವಂತಿಲ್ಲ. ಇಳಿದರೆ ಮೊದಲ ಸಲ 2,000 ರೂಪಾಯಿ ದಂಡ, ಮೂರು ತಿಂಗಳವರೆಗೆ ಜೈಲೂ ಆಗಬಹುದು.

ನಮ್ಮ ಜಿಲ್ಲೆಗೆ ಈ ಮಾತು ದೂರದ್ದಲ್ಲ. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಬಳಿ, ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ವಾಹನ ಗುದ್ದಿ 13 ಜನ ತೀರಿಕೊಂಡರು. 2025ರ ಜನವರಿ 22ರಂದು ಸವಣೂರಿನಿಂದ ಕುಮಟಾ ಸಂತೆಗೆ ಹೊರಟ ನಮ್ಮ ವ್ಯಾಪಾರಿ ಸಹೋದರರ ಲಾರಿ ಯಲ್ಲಾಪುರದ ಬಳಿ ಉರುಳಿತು. ಸರಕಿನ ಮೇಲೆ ಕುಳಿತಿದ್ದವರ ಪ್ರಾಣ ಹೋಯಿತು. ಸಂತೆಗೆ ಹೋಗುವವರು ಒಂದು ವಿಷಯ ತಿಳಿದಿರಬೇಕು. 1994ರ ತಿದ್ದುಪಡಿಯ ನಂತರ ಸರಕಿನ ಜೊತೆ ಹೋಗುವ ಅದರ ಮಾಲೀಕ ಅಥವಾ ಪ್ರತಿನಿಧಿಗೆ ವಿಮೆಯ ರಕ್ಷಣೆ ಇದೆ. ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರಿಗೆ ಇಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದೆ. ಆದ್ದರಿಂದ ಸರಕಿನ ಚೀಟಿ ಜೋಬಿನಲ್ಲಿರಲಿ. ಪಾಲಿಸಿ ಇದ್ದೂ ಇಲ್ಲದಂತಾಗುವುದು ಹೀಗೆಯೇ.

ಗುದ್ದಿದ ವಾಹನ ಪತ್ತೆಯೇ ಆಗದಿದ್ದರೆ, 2022ರ ಏಪ್ರಿಲ್ 1ರಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಸರ್ಕಾರದ ಯೋಜನೆಯಲ್ಲಿ ಸಿಗುತ್ತದೆ. ಅದಕ್ಕೆ ಮೊದಲು ಸಾವಿಗೆ 25,000 ಇತ್ತು. ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ. ಒಂದು ತಿಂಗಳಲ್ಲಿ ವಾಹನ ಸಿಗದಿದ್ದರೆ ಈ ಹಕ್ಕಿನ ಬಗ್ಗೆ ಪೊಲೀಸರೇ ಮನೆಯವರಿಗೆ ಲಿಖಿತವಾಗಿ ತಿಳಿಸಬೇಕೆಂದು 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ. ಆದರೆ ವಾಹನ ಸಿಕ್ಕು, ಅದಕ್ಕೆ ವಿಮೆ ಇಲ್ಲದಿದ್ದರೆ ಈ ಹಣ ಬಾರದು. ಮಾಲೀಕನೇ ಕೊಡಬೇಕು. ಅವನ ಬಳಿ ಇಲ್ಲದಿದ್ದರೆ ತೀರ್ಪು ಕಾಗದದಲ್ಲೇ ಉಳಿಯುತ್ತದೆ. ಅಂಥ ಹೊತ್ತಿಗೆ ಆಸರೆ ನಮ್ಮದೇ ಅಪಘಾತ ವಿಮೆ. ವಾಹನದ ಮಾಲೀಕ ತಾನೇ ಓಡಿಸುವಾಗ ಇರಬೇಕಾದ 15 ಲಕ್ಷದ ವೈಯಕ್ತಿಕ ಅಪಘಾತ ರಕ್ಷಣೆ 2018ರಿಂದ ಇದೆ. ಜೊತೆಗೆ ಕುಳಿತವರಿಗೆ ಬೇರೆಯಾಗಿ ಕೇಳಿ ಸೇರಿಸಿಕೊಳ್ಳಬೇಕು.

ವಿಮೆ ಜಾಯಿಝೇ ಎಂದು ಹಲವರು ಕೇಳುತ್ತಾರೆ. 1985ರಲ್ಲಿ ಜಿದ್ದಾದ ಫಿಕ್ಹ್ ಅಕಾಡೆಮಿ ವಾಣಿಜ್ಯ ವಿಮೆಯನ್ನು ಒಪ್ಪದೆ ಪರಸ್ಪರ ಸಹಾಯದ ವಿಮೆಯ ದಾರಿ ತೋರಿಸಿತು. ಸ್ವಇಚ್ಛೆಯ ವಿಮೆಯ ಬಗ್ಗೆ ನಿಮ್ಮ ಆಲಿಮರನ್ನು ಕೇಳಿ. ಕಾನೂನು ಕಡ್ಡಾಯ ಮಾಡಿದ ಥರ್ಡ್ ಪಾರ್ಟಿ ವಿಮೆಗೆ ಅಡ್ಡಿಯಿಲ್ಲವೆಂದು ಅನೇಕ ಉಲಮಾಗಳು ಹೇಳಿದ್ದಾರೆ. ಅದು ನಮ್ಮ ಲಾಭಕ್ಕಲ್ಲ, ನಮ್ಮಿಂದ ನೋವಾದವರ ಹಕ್ಕಿಗೆ.

ಈ ಜುಮಾ ಮುಗಿಸಿ ಮನೆಗೆ ಹೋದವರು ಬೈಕು, ಟ್ರ್ಯಾಕ್ಟರ್, ಟೆಂಪೊಗಳ ವಿಮೆಯ ತಾರೀಖು ನೋಡಿ. ಅಪಘಾತವಾದರೆ ಮೊದಲು ಆಸ್ಪತ್ರೆ, ಆಮೇಲೆ ತಡಮಾಡದೆ ದೂರು. ಕ್ಷಮಿಸುವುದಿದ್ದರೆ ಹಕ್ಕು ಏನೆಂದು ತಿಳಿದು ಮನೆಯವರೇ ಕ್ಷಮಿಸಲಿ. ಅವರ ಪರವಾಗಿ ನಾವು ಯಾರೂ ಕ್ಷಮಿಸುವುದು ಬೇಡ.

ಅಲ್ಲಾಹನು ನಮ್ಮ ಕೈಯಿಂದ ಯಾರಿಗೂ ನೋವಾಗದಂತೆ ಕಾಪಾಡಲಿ. ಯತೀಮರ ಹಕ್ಕಿನಲ್ಲಿ ನಾನು ಮಾಡಿದ ಲೋಪವನ್ನು ಕ್ಷಮಿಸಲಿ. ಆಮೀನ್.