ಲೆಮನ್ ಕಾನೂನು

ವಾರಂಟಿ ಅವಧಿಯಲ್ಲಿ ಹಲವು ಸಲ ರಿಪೇರಿ ಮಾಡಿದರೂ ದೋಷ ಹೋಗದ ಹೊಸ ಕಾರನ್ನು ತಯಾರಕ ಕಂಪನಿ ವಾಪಸು ಪಡೆದು ಹಣ ಹಿಂದಿರುಗಿಸಬೇಕು, ಇಲ್ಲವೇ ಬೇರೆ ಕಾರು ಕೊಡಬೇಕು ಎಂದು ವಿಧಿಸುವ ಕಾಯ್ದೆಗಳಿಗೆ ಇರುವ ರೂಢಿನಾಮ ಇದು. ಅಮೆರಿಕದ ಆಡುಮಾತಿನಲ್ಲಿ ಇಂಥ ಕಾರು ‘ಲೆಮನ್’. ಮೊದಲ ಕಾಯ್ದೆ 1982ರಲ್ಲಿ ಕನೆಕ್ಟಿಕಟ್ ರಾಜ್ಯದಲ್ಲಿ ಬಂತು. ಈಗ ಆ ದೇಶದ 50 ರಾಜ್ಯಗಳಲ್ಲೂ ಇದೆ. ಭಾರತದಲ್ಲಿ ಪ್ರತ್ಯೇಕ ಲೆಮನ್ ಕಾನೂನು ಇಲ್ಲ.

ಇಂಥ ಕಾಯ್ದೆಗಳಿಗೂ ಮೊದಲು ಕಾರು ಕೊಂಡವರ ಕೈಯಲ್ಲಿದ್ದದ್ದು ವಾರಂಟಿ ಕಾಗದ ಮಾತ್ರ. 1950ರ ದಶಕದಲ್ಲಿ ಅಮೆರಿಕದ ಕಾರು ತಯಾರಕರು ಒಂದೇ ಒಕ್ಕಣೆಯ ವಾರಂಟಿ ಕೊಡುತ್ತಿದ್ದರು: 90 ದಿನ ಅಥವಾ 4,000 ಮೈಲಿ, ಕೆಟ್ಟ ಭಾಗ ಬದಲಿಸಿಕೊಡುವುದಷ್ಟೇ ಹೊಣೆ, ಉಳಿದದ್ದಕ್ಕೆ ಕಂಪನಿ ಬಾಧ್ಯವಲ್ಲ. ಈ ಷರತ್ತನ್ನು 1960ರಲ್ಲಿ ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಕೈಗೆ ಬಂದು ಹತ್ತು ದಿನವಷ್ಟೇ ಆಗಿದ್ದ ಪ್ಲಿಮತ್ ಕಾರೊಂದು 468 ಮೈಲಿ ಓಡಿರುವಾಗಲೇ ಸ್ಟೀರಿಂಗ್ ಕೆಟ್ಟು ಗೋಡೆಗೆ ಗುದ್ದಿದ ಪ್ರಕರಣ ಅದು.

ಅದೇ ರಾಜ್ಯದ 1968ರ ಇನ್ನೊಂದು ತೀರ್ಪು ಲೆಮನ್ ಕಾನೂನಿಗೆ ಹೆಚ್ಚು ಹತ್ತಿರದ್ದು. ಮಹಿಳೆಯೊಬ್ಬರು ಹೊಸ ಷೆವರ್ಲೆಯನ್ನು ಶೋರೂಂನಿಂದ ಮನೆಗೆ ಒಯ್ಯುತ್ತಿದ್ದರು. ಒಂದು ಮೈಲಿಯೂ ಆಗಿರಲಿಲ್ಲ, ಸಿಗ್ನಲ್‌ನಲ್ಲಿ ಎಂಜಿನ್ ನಿಂತಿತು. ಮುಂದೆ ನಿಲ್ಲಿಸಿದಲ್ಲೆಲ್ಲ ಅದೇ ಕತೆ. ಅರ್ಧ ದಾರಿಯಲ್ಲಿ ಗೇರೂ ಕೈಕೊಟ್ಟಿತು. ಗಂಡ ಬಂದು ಆಮೆವೇಗದಲ್ಲಿ ಕಾರನ್ನು ಮನೆ ಸೇರಿಸಿದ. ಸೇರಿಸಿದವನೇ ಬ್ಯಾಂಕಿಗೆ ಹೇಳಿ ಚೆಕ್ ತಡೆಹಿಡಿಸಿದ. ಡೀಲರ್ ಕಾರನ್ನು ಎಳೆಸಿಕೊಂಡು ಹೋಗಿ, ಶೋರೂಂನಲ್ಲಿದ್ದ ಬೇರೊಂದು ಕಾರಿನ ಗೇರ್‌ಬಾಕ್ಸ್ ಬಿಚ್ಚಿ ಇದಕ್ಕೆ ಕೂರಿಸಿ, ‘ಸರಿಯಾಯಿತು, ತೆಗೆದುಕೊಳ್ಳಿ’ ಎಂದ. ನ್ಯಾಯಾಲಯ ಒಪ್ಪಲಿಲ್ಲ. ಸಾಮಾನ್ಯ ಜನ ಇಷ್ಟು ದೊಡ್ಡ ಮೊತ್ತ ಸುರಿದು ಹೊಸ ಕಾರು ಕೊಳ್ಳುವುದು ನಿಶ್ಚಿಂತೆಗಾಗಿ. ಆ ನಂಬಿಕೆಯೇ ಅಲುಗಾಡಿದರೆ ರಿಪೇರಿಯಾದ ಕಾರೂ ಅವರು ಕೊಂಡ ಕಾರಲ್ಲ ಎಂಬುದು ತೀರ್ಪಿನ ತಾತ್ಪರ್ಯ.

ಆದರೆ ತೀರ್ಪಿನಿಂದ ತೀರ್ಪಿಗೆ ಹೋರಾಡುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. 1975ರ ಜನವರಿಯಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದ ಮ್ಯಾಗ್ನಸನ್–ಮಾಸ್ ವಾರಂಟಿ ಕಾಯ್ದೆ ಈ ಕೊರತೆ ನೀಗಿಸಬೇಕಿತ್ತು. ‘ಪೂರ್ಣ ವಾರಂಟಿ’ ಕೊಟ್ಟ ಕಂಪನಿ, ತಕ್ಕಷ್ಟು ಸಲ ಯತ್ನಿಸಿಯೂ ರಿಪೇರಿಯಾಗದಿದ್ದರೆ ಹಣ ಅಥವಾ ಬದಲಿ ವಸ್ತು ಕೊಡಬೇಕೆಂದು ಅದು ಹೇಳಿತು. ತೂತು ಎರಡು ಕಡೆ ಇತ್ತು. ‘ತಕ್ಕಷ್ಟು’ ಎಂದರೆ ಎಷ್ಟು ಸಲ ಎಂದು ಕಾಯ್ದೆ ಹೇಳಲಿಲ್ಲ. ಪೂರ್ಣ ವಾರಂಟಿಯನ್ನು ಕಡ್ಡಾಯವೂ ಮಾಡಲಿಲ್ಲ. ಕಾರು ಕಂಪನಿಗಳು ತಮ್ಮ ವಾರಂಟಿಗೆ ‘ಸೀಮಿತ’ ಎಂಬ ಚೀಟಿ ಅಂಟಿಸಿ ಪಾರಾದವು.

ಕನೆಕ್ಟಿಕಟ್ ಶಾಸನಸಭೆಯ ಸದಸ್ಯ ಜಾನ್ ವುಡ್‌ಕಾಕ್ ಮಂಡಿಸಿದ ಮಸೂದೆಯ ಜಾಣ್ಮೆ ಇರುವುದು ಇಲ್ಲಿ: ಅದು ಲೆಕ್ಕ ಹಾಕಿತು. ಒಂದೇ ದೋಷಕ್ಕೆ ನಾಲ್ಕು ಸಲ ರಿಪೇರಿಯಾಗಿದ್ದರೆ ಅಥವಾ ಕಾರು ಒಟ್ಟು 30 ದಿನ ಗ್ಯಾರೇಜಿನಲ್ಲೇ ಕಳೆದಿದ್ದರೆ ತಕ್ಕಷ್ಟು ಯತ್ನ ಮುಗಿಯಿತೆಂದೇ ಕಾನೂನು ಭಾವಿಸುತ್ತದೆ. ದೋಷ ಎಲ್ಲಿಂದ ಬಂತು, ಯಾವ ಕಾರ್ಖಾನೆಯ ಯಾವ ತಪ್ಪು ಎಂದು ಮಾಲೀಕ ಸಾಬೀತು ಮಾಡಬೇಕಾಗಿಲ್ಲ. ಗ್ಯಾರೇಜಿನ ಜಾಬ್ ಕಾರ್ಡುಗಳನ್ನು ಜೋಡಿಸಿಟ್ಟರೆ ವಾದದ ಬಹುಪಾಲು ಮುಗಿದಂತೆ. ಕ್ಯಾಲಿಫೋರ್ನಿಯ 1970ರಲ್ಲೇ ಸಾಂಗ್–ಬೆವರ್ಲಿ ವಾರಂಟಿ ಕಾಯ್ದೆ ಮಾಡಿತ್ತು. ಸಂಖ್ಯೆಗಳನ್ನು ಅದು ಸೇರಿಸಿಕೊಂಡದ್ದು 1982ರಲ್ಲಿ, ಶಾಸಕಿ ಸ್ಯಾಲಿ ಟ್ಯಾನರ್ ತಂದ ಕಾಯ್ದೆಯ ಮೂಲಕ. ಪ್ರಾಣಾಪಾಯ ತರಬಲ್ಲ ದೋಷಕ್ಕೆ ಅಲ್ಲೀಗ ಎರಡೇ ಸಲ ಸಾಕು.

ಓಡಿಸಿದ್ದಕ್ಕೆ ಕಡಿತವೂ ಉಂಟು. ಕ್ಯಾಲಿಫೋರ್ನಿಯದಲ್ಲಿ ಮೊದಲ ಸಲ ಗ್ಯಾರೇಜಿಗೆ ತರುವ ಹೊತ್ತಿಗೆ ಓಡಿದ ಮೈಲಿಯನ್ನು 1,20,000ದಿಂದ ಭಾಗಿಸಿ ಬೆಲೆಗೆ ಗುಣಿಸುತ್ತಾರೆ: 30,000 ಡಾಲರಿನ ಕಾರು 6,000 ಮೈಲಿ ಓಡಿದ್ದರೆ 1,500 ಡಾಲರ್ ಕಡಿತ. ವಾಪಸು ಬಂದ ಕಾರುಗಳನ್ನು ಕಂಪನಿಗಳು ಗುಟ್ಟಾಗಿ ಸೆಕೆಂಡ್‌ಹ್ಯಾಂಡ್ ಪೇಟೆಗೆ ಬಿಡತೊಡಗಿದಾಗ ಇನ್ನೊಂದು ಸುತ್ತಿನ ಕಾನೂನು ಬೇಕಾಯಿತು. ಅಂಥ ಕಾರಿನ ಒಡೆತನದ ಪತ್ರದಲ್ಲಿ ‘ಲೆಮನ್ ಲಾ ಬೈಬ್ಯಾಕ್’ ಎಂದು ನಮೂದಿಸಬೇಕು, ಎಡಬಾಗಿಲ ಚೌಕಟ್ಟಿಗೆ ಅದೇ ಬರಹದ ಸ್ಟಿಕ್ಕರ್ ಅಂಟಿಸಬೇಕು.

ಸಿಂಗಪುರ 2012ರಲ್ಲಿ, ಫಿಲಿಪ್ಪೀನ್ಸ್ 2014ರಲ್ಲಿ, ದಕ್ಷಿಣ ಕೊರಿಯ 2019ರಲ್ಲಿ ಇಂಥ ನಿಯಮಗಳನ್ನು ತಂದವು. ಬ್ರಿಟನ್ನಿನ 2015ರ ಕಾಯ್ದೆ ದೋಷವಿರುವ ವಸ್ತುವನ್ನು 30 ದಿನದೊಳಗೆ ತಿರಸ್ಕರಿಸುವ ಹಕ್ಕು ಕೊಡುತ್ತದೆ. ಕಾರಿಗೂ ಅದು ಅನ್ವಯ.

ಭಾರತದಲ್ಲಿ ಕಾರಿನ ಮಾಲೀಕರಿಗೆ ಆಸರೆ 1986ರ ಗ್ರಾಹಕ ಸಂರಕ್ಷಣಾ ಕಾಯ್ದೆ, 2020ರ ಜುಲೈಯಿಂದ ಅದರ ಸ್ಥಾನದಲ್ಲಿರುವ 2019ರ ಕಾಯ್ದೆ. ಫ್ರಿಜ್ಜಿಗೂ ಕಾರಿಗೂ ಒಂದೇ ಕಾಯ್ದೆ. ಎಷ್ಟು ಸಲದ ರಿಪೇರಿಯ ನಂತರ ಹಣ ವಾಪಸು ಎಂಬ ಸಂಖ್ಯೆ ಅದರಲ್ಲಿಲ್ಲ. ಹೀಗಾಗಿ ಬೆಂಗಳೂರಾಗಲಿ ಬೀದರಾಗಲಿ, ಜಿಲ್ಲಾ ಆಯೋಗದಲ್ಲಿ ಇಡೀ ಜಗಳ ನಡೆಯುವುದು ‘ಮ್ಯಾನುಫ್ಯಾಕ್ಚರಿಂಗ್ ಡಿಫೆಕ್ಟ್’ ಇದೆಯೇ ಎಂಬುದರ ಸುತ್ತ. ಕಂಪನಿ ಎಕ್ಸ್‌ಪರ್ಟ್ ರಿಪೋರ್ಟ್ ಎಲ್ಲಿ ಎಂದು ಕೇಳುತ್ತದೆ. ಆಯೋಗ ಪರೀಕ್ಷೆಗೆ ಕಳಿಸಬಹುದು, ಅದರ ಶುಲ್ಕವನ್ನು ದೂರುದಾರರಿಂದಲೇ ಕಟ್ಟಿಸಿಕೊಳ್ಳಬಹುದು. ಪರೀಕ್ಷೆ ಬೇಕಾದ ದೂರುಗಳಿಗೆ ಕಾಯ್ದೆ ಕೊಟ್ಟಿರುವ ಗಡುವು ಐದು ತಿಂಗಳು; ವರ್ಷಗಟ್ಟಲೆ ನಡೆದ ಪ್ರಕರಣಗಳಿಗೆ ಬರವಿಲ್ಲ. ಅಷ್ಟೂ ಕಾಲ ಲೋನಿನ ಕಂತು ಮಾತ್ರ ತಪ್ಪದೆ ಕಟ್ಟಬೇಕು.

ಈ ಹಾದಿಯನ್ನು ಇನ್ನಷ್ಟು ಕಡಿದು ಮಾಡಿದ್ದು ಮಾರುತಿ ಉದ್ಯೋಗ್ ಕಂಪನಿಯ ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಕೊಟ್ಟ ತೀರ್ಪು. ದೋಷ ಕ್ಲಚ್ಚಿನದು, ಕೆಳಗಿನ ಆಯೋಗಗಳು ಕಾರನ್ನೇ ಬದಲಿಸಲು ಹೇಳಿದ್ದವು. ವಾರಂಟಿಯಲ್ಲಿರುವುದು ಕೆಟ್ಟ ಭಾಗ ಬದಲಿಸುವ ಹೊಣೆ, ಇಡೀ ಕಾರಿನದಲ್ಲ ಎಂದಿತು ಕೋರ್ಟ್. ನ್ಯೂಜೆರ್ಸಿ 1960ರಲ್ಲಿ ದಾಟಿಬಂದ ತರ್ಕದ ಹತ್ತಿರಕ್ಕೇ ಇದು ಹೋಯಿತೆನ್ನಬೇಕು. 2022ರ ಹ್ಯುಂಡೈ ಕ್ರೆಟಾ ಪ್ರಕರಣದಲ್ಲಿ ದನಿ ಬದಲಾಯಿತು. ಅಪಘಾತದಲ್ಲಿ ಏರ್‌ಬ್ಯಾಗ್ ತೆರೆದುಕೊಂಡಿರಲಿಲ್ಲ. ಡಿಕ್ಕಿಯ ವೇಗ, ಬಲಗಳ ಲೆಕ್ಕ ಹಾಕಲು ಗ್ರಾಹಕನೇನು ಭೌತಶಾಸ್ತ್ರದ ಪಂಡಿತನೇ ಎಂಬರ್ಥದ ಮಾತಾಡಿದ ಕೋರ್ಟ್, ಪರಿಹಾರದ ಜೊತೆಗೆ ಕಾರು ಬದಲಿಸಿಕೊಡಬೇಕೆಂಬ ಆದೇಶವನ್ನೂ ಎತ್ತಿಹಿಡಿಯಿತು.

ಗ್ರಾಹಕ ಆಯೋಗವನ್ನು ಬಿಟ್ಟು ಪೊಲೀಸ್ ಠಾಣೆಗೆ ಹೋದವರೂ ಇದ್ದಾರೆ. 2009ರಲ್ಲಿ ಬಿಎಂಡಬ್ಲ್ಯು 7 ಸೀರೀಸ್ ಕೊಂಡ ಹೈದರಾಬಾದಿನ ಸಂಸ್ಥೆಯೊಂದು ವಂಚನೆಯ ದೂರು ಕೊಟ್ಟಿತು. ಹೈಕೋರ್ಟ್ ಕ್ರಿಮಿನಲ್ ಮೊಕದ್ದಮೆ ರದ್ದುಮಾಡಿ ಹೊಸ ಕಾರು ಕೊಡಲು ಹೇಳಿದರೆ, ದೂರುದಾರರಿಗೇ ಅದು ಬೇಡವಾಯಿತು. 2024ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ 50 ಲಕ್ಷ ರೂಪಾಯಿ ಕೊಡಿಸಿ ವ್ಯಾಜ್ಯ ಮುಗಿಸಿತು.

ಸಂಖ್ಯೆಯ ಲೆಕ್ಕ ಭಾರತದ ಕಾನೂನಿನಲ್ಲಿ ಕಾಣಿಸಿಕೊಂಡದ್ದು ಬೇರೆ ಬಾಗಿಲಿನಿಂದ. 2019ರ ಮೋಟಾರು ವಾಹನ ತಿದ್ದುಪಡಿಯ 110ಎ ಕಲಮು ಸುರಕ್ಷತೆಗೋ ಪರಿಸರಕ್ಕೋ ಹಾನಿ ತರುವ ವಾಹನಗಳನ್ನು ಹಿಂದಕ್ಕೆ ಕರೆಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮಗಳು ಮಾರಾಟದ ಪ್ರಮಾಣಕ್ಕೆ ತಕ್ಕಂತೆ ಎಷ್ಟು ದೂರು ಬಂದರೆ ಕ್ರಮ ಎಂಬುದನ್ನು ನಿಗದಿ ಮಾಡಿವೆ. ಏಳು ವರ್ಷದೊಳಗಿನ ವಾಹನಗಳಿಗೆ ಇದು ಅನ್ವಯ. ಒಂದು ಮಾಡೆಲ್ಲಿನ ಮೇಲೆ ಹಲವರು ದೂರಿದಾಗ ಕೆಲಸಕ್ಕೆ ಬರುವ ಲೆಕ್ಕ ಇದು. ಒಂದೇ ಕಾರಿನ ಮೇಲೆ ಒಬ್ಬನೇ ಮಾಲೀಕ ಎಷ್ಟು ಸಲ ದೂರಿದರೂ ಇದರೊಳಗೆ ಬರುವುದಿಲ್ಲ.