ಪೆರ್ಗೊಲೇಸಿಯ ಹೆಸರಿನಲ್ಲಿ ಗಾಲ್ಲೊನ ಸೊನಾಟಾಗಳು

1780ರಲ್ಲಿ ಲಂಡನ್ನಿನ ಪ್ರಕಾಶಕ ರಾಬರ್ಟ್ ಬ್ರೆಮ್ನರ್, ಎರಡು ವಯೊಲಿನ್ ಹಾಗೂ ಮಂದ್ರವಾದ್ಯಕ್ಕೆಂದು ರಚಿತವಾದ 12 ಸೊನಾಟಾಗಳನ್ನು ಜೊವಾನ್ನಿ ಬತ್ತಿಸ್ತ ಪೆರ್ಗೊಲೇಸಿಯ ಕೃತಿಗಳೆಂದು ಮುದ್ರಿಸಿದನು. ಆ ವೇಳೆಗೆ ಪೆರ್ಗೊಲೇಸಿ ತೀರಿಕೊಂಡು 44 ವರ್ಷಗಳಾಗಿದ್ದವು. ‘ಲಾ ಸೆರ್ವಾ ಪದ್ರೋನಾ’ ಎಂಬ ಕಿರು ಹಾಸ್ಯ ಗೀತನಾಟಕದಿಂದಲೂ ‘ಸ್ತಾಬಾತ್ ಮಾತೆರ್’ ಎಂಬ ಭಕ್ತಿರಚನೆಯಿಂದಲೂ ಅವನ ಕೀರ್ತಿ ಮರಣಾನಂತರ ಯೂರೋಪಿನಾದ್ಯಂತ ಹಬ್ಬಿತು. 26ರ ವಯಸ್ಸಿನಲ್ಲೇ ಗತಿಸಿದವನು ಬಿಟ್ಟುಹೋದ ಕೃತಿಗಳು ಈ ಬೇಡಿಕೆಗೆ ಸಾಲದಾದಾಗ, ಅನ್ಯರ ರಚನೆಗಳೂ ಅವನ ಹೆಸರು ಹೊತ್ತು ಚಲಾವಣೆಗೆ ಬಂದವು. ಬ್ರೆಮ್ನರ್ ಮುದ್ರಿಸಿದ ಸೊನಾಟಾಗಳನ್ನು ವಿದ್ವಾಂಸರು ಇಂದು ವೆನಿಸ್ಸಿನ ಡೊಮೆನಿಕೊ ಗಾಲ್ಲೊನವೆಂದು ಪರಿಗಣಿಸುತ್ತಾರೆ.

ಇಂತಹ ರಚನೆಗೆ ತ್ರಿಸೊನಾಟಾ ಎಂಬ ಹೆಸರಿದ್ದರೂ ಅದನ್ನು ನುಡಿಸಲು ಸಾಮಾನ್ಯವಾಗಿ ನಾಲ್ವರು ಬೇಕು. ಬರಹದಲ್ಲಿರುವುದು ಮೂರು ಸಾಲುಗಳು ಮಾತ್ರ: ಮೇಲಿನ ಎರಡು ವಯೊಲಿನ್ನುಗಳಿಗೆ, ಕೆಳಗಿನದು ಚೆಲೊ ಮತ್ತು ಹಾರ್ಪ್‌ಸಿಕಾರ್ಡ್‌ಗಳೆರಡಕ್ಕೂ. ಕೃತಿಯುದ್ದಕ್ಕೂ ಎಡೆಬಿಡದೆ ಸಾಗುವ ಈ ಆಧಾರಪಂಕ್ತಿಯನ್ನು ಕಂಟಿನ್ಯುಯೊ ಎನ್ನುತ್ತಾರೆ. ಹಾರ್ಪ್‌ಸಿಕಾರ್ಡ್ ವಾದಕನು ಎಡಗೈಯಲ್ಲಿ ಮಂದ್ರವನ್ನು ನುಡಿಸುತ್ತ, ಸಾಲಿನೊಡನೆ ಬರೆದ ಅಂಕಿಗಳನ್ನು ನೋಡಿ ಬಲಗೈಯ ಸ್ವರಮೇಳಗಳನ್ನು ಸ್ಥಳದಲ್ಲೇ ಕಲ್ಪಿಸಿಕೊಳ್ಳುತ್ತಾನೆ. 6 ಎಂದಿದ್ದರೆ ಮಂದ್ರಸ್ವರದಿಂದ ಎಣಿಸಿದ ಮೂರನೆಯ ಮತ್ತು ಆರನೆಯ ಸ್ವರಗಳು. ಅಂಕಿಯೇ ಇಲ್ಲದಿದ್ದರೆ ಮೂರನೆಯ ಮತ್ತು ಐದನೆಯವು.

1681ರಲ್ಲಿ ಕೊರೆಲ್ಲಿ ರೋಮಿನಲ್ಲಿ ಪ್ರಕಟಿಸಿದ ಸೊನಾಟಾಗಳಲ್ಲಿ ಈ ಸಾಲುಗಳು ಒಂದನ್ನೊಂದು ಅನುಕರಿಸುತ್ತ ಹೆಣೆದುಕೊಳ್ಳುತ್ತವೆ. ಹದಿನೆಂಟನೆಯ ಶತಮಾನದ ಗಾಲಾಂಟ್ ಶೈಲಿ ಆ ಹೆಣಿಗೆಯನ್ನು ಸಡಿಲಿಸಿ, ಹಾಡುವಂತಹ ಧಾಟಿಯನ್ನು ಮೇಲಿನ ವಾದ್ಯಕ್ಕೆ ಒಪ್ಪಿಸಿತು. ಚಿಕ್ಕ ಚಿಕ್ಕ ಸ್ವರವಾಕ್ಯಗಳು, ಜೊತೆಯಾಗಿ ಚಲಿಸುವ ವಯೊಲಿನ್ನುಗಳು, ನಿಧಾನಕ್ಕೆ ಹೆಜ್ಜೆಯಿಡುವ ಮಂದ್ರ, ಮೊದಲೇ ಊಹಿಸಬಹುದಾದ ಮುಕ್ತಾಯಗಳು ಇದರ ಲಕ್ಷಣಗಳು. ನೇಪಲ್ಸಿನ ಸಂಗೀತಶಾಲೆಗಳಲ್ಲಿ ವಿದ್ಯಾರ್ಥಿಗೆ ಬರಿಯ ಮಂದ್ರಪಂಕ್ತಿಯನ್ನು ಕೊಟ್ಟು ಉಳಿದುದನ್ನು ನುಡಿಸುತ್ತಲೇ ತುಂಬಿಸುವ ‘ಪಾರ್ತಿಮೆಂತೊ’ ಅಭ್ಯಾಸವಿತ್ತಾದ್ದರಿಂದ ಈ ಸಿದ್ಧಪದಗುಚ್ಛಗಳು ಬಾಯಿಪಾಠದಂತೆ ಬೆರಳಿಗೆ ಇಳಿದಿದ್ದವು. ಎಲ್ಲರೂ ಒಂದೇ ನುಡಿಗಟ್ಟು ಬಳಸುತ್ತಿದ್ದ ಕಾಲದಲ್ಲಿ ಕರ್ತೃವಿನ ಗುರುತು ಕೃತಿಯೊಳಗಿಂದಲೇ ಸಿಗುವುದು ಕಷ್ಟ. ಮೋಸಹೋದವರನ್ನು ಕಿವಿಯಿಲ್ಲದವರೆಂದು ಹಳಿಯುವುದು ನ್ಯಾಯವಲ್ಲ.

ಅವರಲ್ಲಿ ಇಗೊರ್ ಸ್ಟ್ರಾವಿನ್ಸ್ಕಿಯೂ ಒಬ್ಬನು. ಬ್ಯಾಲೆ ತಂಡದ ಮುಖ್ಯಸ್ಥ ದ್ಯಾಗಿಲೆವ್ ಒದಗಿಸಿದ ಪ್ರತಿಗಳನ್ನು ಪೆರ್ಗೊಲೇಸಿಯವೆಂದು ನಂಬಿ ಅವನು ರಚಿಸಿದ ‘ಪುಲ್ಚಿನೆಲ್ಲಾ’ ಬ್ಯಾಲೆ, ಪಿಕಾಸೊನ ರಂಗವಿನ್ಯಾಸದೊಡನೆ 1920ರ ಮೇ 15ರಂದು ಪ್ಯಾರಿಸ್ಸಿನಲ್ಲಿ ರಂಗವೇರಿತು. ಅದರ ಪೂರ್ವರಂಗ ಗಾಲ್ಲೊನ ಮೊದಲ ಸೊನಾಟಾದ ಆರಂಭಭಾಗವೇ ಆಗಿದ್ದು, ಧಾಟಿ ಮತ್ತು ಮಂದ್ರ ಬಹುಮಟ್ಟಿಗೆ ಹಾಗೆಯೇ ಉಳಿದಿವೆ; ಹಾರ್ಪ್‌ಸಿಕಾರ್ಡ್ ಮಾತ್ರ ಮಾಯವಾಗಿ ಅದರ ಕೆಲಸ ವಾದ್ಯವೃಂದಕ್ಕೆ ಹಂಚಿಹೋಗಿದೆ. ಅದೇ ಬ್ಯಾಲೆಯಲ್ಲಿ ಬಳಕೆಯಾದ ಇನ್ನೊಂದು ‘ಪೆರ್ಗೊಲೇಸಿ’ ರಚನೆ ಡಚ್ ಶ್ರೀಮಂತ ಉನಿಕೊ ವಿಲ್ಹೆಲ್ಮ್ ಫಾನ್ ವಾಸ್ಸೆನಾರ್‌ನದು. 1740ರಲ್ಲಿ ಅದು ಪ್ರಕಟವಾದಾಗ ತನ್ನ ಹೆಸರು ಕಾಣಕೂಡದೆಂದು ಬಯಸಿದವನು ಅವನೇ ಆಗಿದ್ದನು. ಗಾಲ್ಲೊನ ಹೆಸರು ಮರೆಯಾದುದಕ್ಕೆ ಅಂತಹ ಸಂಕೋಚ ಕಾರಣವಲ್ಲ, ಪೇಟೆಯ ಬೇಡಿಕೆ ಕಾರಣ.