ರೀಲ್, ನೊಟ್ಟುಸ್ವರ ಮತ್ತು ನನ್ನ ಮಗಳ ಪಿಟೀಲು



ನಾನು ವೃತ್ತಿಯಿಂದ ಲೆಕ್ಕಪರಿಶೋಧಕ, ಸಂಗೀತದಲ್ಲಿ ಬರೀ ಕೇಳುಗ. ಗೈದರ್ಸ್‌ಬರ್ಗ್‌ನ ಈ ವೇದಿಕೆಯಲ್ಲಿ ಐರಿಷ್ ರೀಲ್ ಬಗ್ಗೆ ಮಾತಾಡಲು ಕಾರಣ ನನ್ನ ಮಗಳು. ಅವಳು ಶನಿವಾರ ಕರ್ನಾಟಕ ಪಿಟೀಲು ಕಲಿಯುತ್ತಾಳೆ, ಶಾಲೆಯಲ್ಲಿ ಫಿಡ್ಲ್ ನುಡಿಸುತ್ತಾಳೆ. ಒಂದು ಸಂಜೆ ರೀಲ್ ನುಡಿಸುತ್ತಿದ್ದವಳಿಗೆ, "ಮೊದಲು ನಮ್ಮದನ್ನು ಅಭ್ಯಾಸ ಮಾಡು" ಎಂದು ಗದರಿದೆ. ವಾರವಿಡೀ ಅವಳು ಪಿಟೀಲು ಮುಟ್ಟಲಿಲ್ಲ.

ತಪ್ಪು ನನ್ನದೆಂದು ಓದಿದ ಮೇಲೆ ತಿಳಿಯಿತು. ರೀಲ್ ಕುಣಿತದ ಮಟ್ಟು. ಅದು ಸ್ಕಾಟ್ಲೆಂಡಿನಿಂದ ಐರ್ಲೆಂಡಿಗೆ 18ನೇ ಶತಮಾನದ ಕೊನೆಯ ಹೊತ್ತಿಗೆ ಹೋಯಿತು. ಸಾಮಾನ್ಯವಾಗಿ ಎರಡು ಭಾಗ, ಒಂದೊಂದನ್ನೂ ಎರಡು ಸಲ ನುಡಿಸುತ್ತಾರೆ. ಆದಿತಾಳ ಹಾಕಿದರೆ ಒಂದು ಭಾಗ ನಾಲ್ಕು ಆವರ್ತಕ್ಕೆ ಮುಗಿಯುತ್ತದೆ, ಪ್ರತಿ ಪೆಟ್ಟಿಗೂ ಎರಡು ಸ್ವರ. ನಮ್ಮ ಗಮಕದಲ್ಲಿ ಬೆರಳು ತಂತಿಯ ಮೇಲೆ ಜಾರುತ್ತದೆ. ಅಲ್ಲಿ ಪಕ್ಕದ ಸ್ವರವನ್ನು ಚುಟುಕಾಗಿ ಮುಟ್ಟಿ ಹಿಂದಿರುಗುತ್ತದೆ.

'ಲಾರ್ಡ್ ಮ್ಯಾಕ್‌ಡೊನಾಲ್ಡ್ಸ್ ರೀಲ್' ಎಂಬ ಸ್ಕಾಟಿಷ್ ಮಟ್ಟನ್ನೇ ನೋಡಿ. ಐರ್ಲೆಂಡಿನ ಸ್ಲೈಗೋದಿಂದ 1914ರಲ್ಲಿ ವಲಸೆ ಬಂದ ಮೈಕೆಲ್ ಕೋಲ್‌ಮನ್ ಅದನ್ನು 1920ರ ದಶಕದಲ್ಲಿ ಧ್ವನಿಮುದ್ರಿಸಿದರು. ಇಲ್ಲಿನ ಅಪಲೇಚಿಯನ್ ಬೆಟ್ಟಗಳ ಫಿಡ್ಲರ್‌ಗಳು ಅದೇ ಮಟ್ಟನ್ನು 'ಲೆದರ್ ಬ್ರಿಚಸ್' ಎನ್ನುತ್ತಾರೆ.

ಅದೇ ಮಟ್ಟು ಮದರಾಸಿಗೂ ಬಂತು! ಸೇಂಟ್ ಜಾರ್ಜ್ ಕೋಟೆಯ ಬ್ಯಾಂಡು ಕೇಳಿದ ಮುತ್ತುಸ್ವಾಮಿ ದೀಕ್ಷಿತರು ಯುರೋಪಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ರಚಿಸಿದರು. ಸುಮಾರು 40ರಷ್ಟಿರುವ ಆ ನೊಟ್ಟುಸ್ವರಗಳಲ್ಲಿ ಒಂದಕ್ಕೆ ಆಧಾರ ಈ ರೀಲ್. ನಮ್ಮ ಮಕ್ಕಳು ಕಲಿಯುವ 'ಶ್ಯಾಮಳೇ ಮೀನಾಕ್ಷಿ'ಯ ಮಟ್ಟು 'ಟ್ವಿಂಕಲ್ ಟ್ವಿಂಕಲ್'ನದೇ. ದೀಕ್ಷಿತರ ತಮ್ಮ ಬಾಲುಸ್ವಾಮಿ ಅಲ್ಲಿಯೇ ಪಿಟೀಲು ಕಲಿತು ಅದನ್ನು ನಮ್ಮ ಸಂಗೀತಕ್ಕೆ ತಂದರು. ಮುಂದೆ ಮೈಸೂರಿನ ಟಿ. ಚೌಡಯ್ಯನವರು ಅದಕ್ಕೆ ಏಳು ತಂತಿ ಕಟ್ಟಿ ನಾದ ಹೆಚ್ಚಿಸಿದರು.

ಹಾಗಾದರೆ ನಾನು 'ನಮ್ಮದು' ಎಂದ ಪಿಟೀಲು ಯಾರದ್ದು? ಹೊರಗಿನಿಂದ ಬಂದದ್ದನ್ನು ನಮ್ಮ ಹಿರಿಯರು ಹೆದರದೆ ನುಡಿಸಿದರು, ಅದಕ್ಕೇ ಅದು ನಮ್ಮದಾಯಿತು. ಪರದೇಶದಲ್ಲಿರುವ ನಾವು ಕನ್ನಡ ಉಳಿಯಲೆಂದು ಮಕ್ಕಳ ಸುತ್ತ ಬೇಲಿ ಹಾಕುತ್ತೇವೆ. ಬೇಲಿಯೊಳಗೆ ಪಿಟೀಲು ಪೆಟ್ಟಿಗೆ ಮುಚ್ಚಿಯೇ ಇದ್ದರೆ ಉಳಿಯುವುದಾದರೂ ಏನು?

ಮುಂದಿನ ಭಾನುವಾರ ಮಗಳ ಹತ್ತಿರ ಕ್ಷಮೆ ಕೇಳಿ, ಆ ರೀಲ್ ನುಡಿಸು ಎಂದೆ. ನಾನು ತಾಳ ಹಾಕಿದೆ, ಎರಡು ಸಲ ತಪ್ಪಿದೆ. ಅವಳು ನಕ್ಕು, ಕನ್ನಡದಲ್ಲೇ ತಿದ್ದಿದಳು.